ವೇಗ ತಗ್ಗಿಲ್ಲ, ಪೈಪೋಟಿ ತಗ್ಗಿದೆ

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್ ಬಗ್ಗೆ ನಾಲ್ಕು ಪುಟಗಳ ಲೇಖನ ಹಾಕಿದ್ದೀರಿ. ಅದನ್ನು ಓದಿದ ಮೇಲೆ ನಮ್ಮ ವರ್ಕ್‌ಶಾಪಿನ ಭಾನುವಾರದ ಮಾತುಕತೆ ವಾದಕ್ಕೆ ತಿರುಗಿತು. ರ‍್ಯಾಲಿಯ ಕಾಲ 1980ರ ದಶಕದ ಗ್ರೂಪ್ ಬಿ ಕಾರುಗಳೊಂದಿಗೇ ಮುಗಿಯಿತು ಎನ್ನುವವನು ನಾನು. ಈಗ ಉಳಿದಿರುವುದು ಮೂರೇ ಕಂಪನಿ. ಕೆನ್ಯಾದ ಸಫಾರಿ ರ‍್ಯಾಲಿ ಹೆಸರಿಗೆ ಮಾತ್ರ ಸಫಾರಿ. ಎಲ್ಲ ರ‍್ಯಾಲಿಗಳಿಗೆ ಬಾರದವರೂ ಚಾಂಪಿಯನ್ ಆಗುತ್ತಾರೆ. ಕಿರಿಯ ಗೆಳೆಯರು ಇದನ್ನು ಒಪ್ಪುವುದಿಲ್ಲ. ನಮ್ಮ ಹಾವೇರಿ, ಗದಗ, ಧಾರವಾಡದ ಕಡೆ ಒಂದು ರ‍್ಯಾಲಿಯನ್ನೂ ಕಾಣದ ನಮಗೆ ಈ ಆಟದ ಬಗ್ಗೆ ಇಷ್ಟು ಪುಟ ಏಕೆ? ಆಟೊಮೊಬೈಲ್ ಡಿಪ್ಲೊಮಾ ಓದುತ್ತಿರುವ ನನ್ನ ತಂಗಿಯ ಮಗ ನ್ಯಾವಿಗೇಟರ್ (ಪಕ್ಕದಲ್ಲಿ ಕೂತು ದಾರಿ ಹೇಳುವ ಸಹಚಾಲಕ) ಆಗುತ್ತೇನೆ ಎನ್ನುತ್ತಾನೆ. ಅವನಿಗೆ ಏನು ಹೇಳಲಿ?"
— ಒಬ್ಬ ಓದುಗರು, ರಾಣೆಬೆನ್ನೂರು

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಪತ್ರವನ್ನು ಹುಬ್ಬಳ್ಳಿಯ ನಮ್ಮ ಕಚೇರಿಯಲ್ಲಿ ಎಲ್ಲರೂ ಓದಿದೆವು, ಮತ್ತು ನಿಮ್ಮ ವರ್ಕ್‌ಶಾಪಿನಲ್ಲಿ ಆದ ಹಾಗೆಯೇ ಇಲ್ಲಿಯೂ ಎರಡು ಪಕ್ಷಗಳಾದವು. ನಿಮ್ಮ ಅಸಮಾಧಾನ ನಿಜವಾದದ್ದು ಎಂದೇ ನಾನು ತಿಳಿದಿದ್ದೇನೆ. ರ‍್ಯಾಲಿಯಲ್ಲಿ ಏನೋ ಕಳೆದುಹೋಗಿದೆ. ಆದರೆ ಕಳೆದುಹೋಗಿರುವುದು ಕಾರುಗಳ ಕಸುವಲ್ಲ. 2025ರ ಫಿನ್ಲೆಂಡ್ ರ‍್ಯಾಲಿಯನ್ನೇ ನೋಡಿ. ಅಲ್ಲಿ ಗೆದ್ದ ಕಾಲೆ ರೋವನ್‌ಪೆರಾ ಅವರ ಸರಾಸರಿ ವೇಗ ಗಂಟೆಗೆ ಸುಮಾರು 130 ಕಿಲೋಮೀಟರ್ ಇತ್ತು. ಕಾಡಿನ ನಡುವಿನ ಮಣ್ಣಿನ ದಾರಿಯಲ್ಲಿ, ಉಬ್ಬುಗಳ ಮೇಲೆ ಹಾರುತ್ತ ಸಾಧಿಸಿದ ಆ ವೇಗ ಈ ಚಾಂಪಿಯನ್‌ಷಿಪ್‌ನ ಇತಿಹಾಸದಲ್ಲೇ ಅತಿ ಹೆಚ್ಚಿನದು. ಅದೇ ರ‍್ಯಾಲಿಯ ಮೊದಲ ಐದೂ ಸ್ಥಾನಗಳು ಟೊಯೊಟಾ ಕಾರುಗಳ ಪಾಲಾದವು. ಆ ವರ್ಷದ ಒಟ್ಟು 14 ರ‍್ಯಾಲಿಗಳಲ್ಲಿ 12ನ್ನು ಗೆದ್ದದ್ದೂ ಟೊಯೊಟಾವೇ. ಹಿಂದೆಂದೂ ಇಲ್ಲದ ವೇಗವೂ ಒಂದೇ ಕಂಪನಿಯ ಏಕಸ್ವಾಮ್ಯವೂ ಒಟ್ಟಿಗೇ ಕಾಣಿಸಿಕೊಂಡ ಆ ಒಂದು ವಾರಾಂತ್ಯದಲ್ಲಿ ಈ ಆಟದ ಇಂದಿನ ಸ್ಥಿತಿ ಪೂರ್ತಿಯಾಗಿ ಇದೆ ಎಂದು ನನಗೆ ಅನ್ನಿಸುತ್ತದೆ.

ಗ್ರೂಪ್ ಬಿ ಬಗ್ಗೆ ನಿಮಗಿರುವ ಮೋಹ ನನಗೆ ಅರ್ಥವಾಗುತ್ತದೆ. 1982ರಿಂದ 1986ರವರೆಗೆ ನಡೆದ ಆ ವರ್ಗದಲ್ಲಿ 200 ಕಾರು ತಯಾರಿಸಿ ತೋರಿಸಿದರೆ ಸಾಕಿತ್ತು, ಉಳಿದದ್ದೆಲ್ಲ ಎಂಜಿನಿಯರುಗಳ ಧೈರ್ಯಕ್ಕೆ ಬಿಟ್ಟದ್ದು. ಆಡಿ ಕ್ವಾಟ್ರೊ ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಟ್ಟು ಆಟದ ಲೆಕ್ಕಾಚಾರವನ್ನೇ ಬದಲಿಸಿತು. ಅದೇ ಕಾರಿನಲ್ಲಿ ಮಿಶೆಲ್ ಮೂಟಾನ್ ಎಂಬ ಫ್ರೆಂಚ್ ಮಹಿಳೆ 1982ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎರಡನೆಯ ಸ್ಥಾನಕ್ಕೆ ಏರಿದರು. ಆದರೆ 1986ರ ಪೋರ್ಚುಗಲ್ ರ‍್ಯಾಲಿಯಲ್ಲಿ ಕಾರೊಂದು ಪ್ರೇಕ್ಷಕರ ಮೇಲೆ ನುಗ್ಗಿ ಮೂವರು ಸತ್ತರು. ಪ್ರಮುಖ ತಂಡಗಳ ಚಾಲಕರು ಮುಂದೆ ಓಡಿಸಲು ನಿರಾಕರಿಸಿದರು. ಅದೇ ವರ್ಷದ ಮೇ 2ರಂದು ಕಾರ್ಸಿಕಾ ದ್ವೀಪದಲ್ಲಿ ಹೆನ್ರಿ ತೊಯ್ವೊನೆನ್ ಮತ್ತು ಅವರ ಸಹಚಾಲಕ ಸೆರ್ಜಿಯೊ ಕ್ರೆಸ್ಟೊ ತಮ್ಮ ಲ್ಯಾನ್ಸಿಯಾ ಕಾರಿನಲ್ಲೇ ಸುಟ್ಟುಹೋದರು. ಆ ವರ್ಗವನ್ನು ನಿಲ್ಲಿಸಿದ್ದನ್ನು ನಾನು ಆಟಕ್ಕೆ ಆದ ನಷ್ಟವೆಂದು ಎಂದಿಗೂ ಎಣಿಸಲಾರೆ. ನಿಮ್ಮ ಜಿಲ್ಲೆಯ ಹೋರಿ ಬೆದರಿಸುವ ಅಖಾಡದಲ್ಲಿ ಜನ ದಾರಿಯ ಅಂಚಿಗೇ ಒತ್ತಿಕೊಂಡು ನಿಂತಾಗ ಏನಾಗಬಹುದೆಂದು ನೀವು ಬಲ್ಲಿರಿ. ಪೋರ್ಚುಗಲ್‌ನಲ್ಲಿ ಜನ ನಿಂತದ್ದು ಅದೇ ರೀತಿ. ಎದುರಿಗೆ ಬಂದದ್ದು ಮಾತ್ರ ನಾನೂರಕ್ಕೂ ಹೆಚ್ಚು ಕುದುರೆಶಕ್ತಿಯ ಯಂತ್ರ.

ನನ್ನನ್ನು ಕೇಳಿದರೆ ರ‍್ಯಾಲಿಯ ಸುಗ್ಗಿಯ ಕಾಲ ಬಂದದ್ದು ಅದರ ನಂತರ. 1987ರಿಂದ ಮುಖ್ಯ ವರ್ಗವಾದ ಗ್ರೂಪ್ ಎ ನಿಯಮದ ಪ್ರಕಾರ ಸ್ಪರ್ಧೆಗೆ ಇಳಿಸುವ ಕಾರನ್ನು ಮೊದಲು ಸಾವಿರಾರು ಸಂಖ್ಯೆಯಲ್ಲಿ ತಯಾರಿಸಬೇಕಾಗಿತ್ತು. ಹೀಗಾಗಿಯೇ ಲ್ಯಾನ್ಸಿಯಾ ಡೆಲ್ಟಾ, ಸುಬಾರು ಇಂಪ್ರೇಜಾ, ಮಿತ್ಸುಬಿಷಿ ಲ್ಯಾನ್ಸರ್‌ಗಳು ಅಂಗಡಿಯಲ್ಲೂ ಸಿಕ್ಕವು, ಕಾಡಿನ ದಾರಿಯಲ್ಲೂ ಗೆದ್ದವು. 1997ರಲ್ಲಿ ನಿಯಮ ಸಡಿಲವಾಗಿ ವರ್ಲ್ಡ್ ರ‍್ಯಾಲಿ ಕಾರ್ ಎಂಬ ವರ್ಗ ಬಂದ ಮೇಲೆ ಇನ್ನಷ್ಟು ಕಂಪನಿಗಳು ಸೇರಿಕೊಂಡವು. 2000ದಲ್ಲಿ ಫೋರ್ಡ್, ಸುಬಾರು, ಮಿತ್ಸುಬಿಷಿ, ಪಿಯೂಜೊ, ಸಿಯಾಟ್, ಸ್ಕೋಡಾ, ಹ್ಯುಂಡೈ ಎಲ್ಲವೂ ಒಂದೇ ಸಾಲಿನಲ್ಲಿ ನಿಂತಿದ್ದವು. ಆಮೇಲೆ ಒಂದೊಂದಾಗಿ ಹೊರಟುಹೋದವು. ನಡುವೆ ಬಂದ ಫೋಕ್ಸ್‌ವ್ಯಾಗನ್ ಸತತ ನಾಲ್ಕು ವರ್ಷ ಗೆದ್ದು 2016ರ ಕೊನೆಯಲ್ಲಿ ಬಿಟ್ಟುಹೋಯಿತು, 2019ರ ಕೊನೆಯಲ್ಲಿ ಸಿಟ್ರೊಯೆನ್ ಹೋಯಿತು. ಉಳಿದದ್ದು ಟೊಯೊಟಾ, ಹ್ಯುಂಡೈ, ಹಾಗೂ ಬ್ರಿಟನ್ನಿನ ಎಂ-ಸ್ಪೋರ್ಟ್ ನಡೆಸುವ ಫೋರ್ಡ್ ತಂಡ. 2022ರಲ್ಲಿ ಹೈಬ್ರಿಡ್ ವ್ಯವಸ್ಥೆಯೊಂದಿಗೆ ರ‍್ಯಾಲಿ1 ವರ್ಗ ಬಂದಾಗ ಹೊಸ ಕಂಪನಿಗಳು ಬರುತ್ತವೆ ಎಂಬ ನಿರೀಕ್ಷೆ ಇತ್ತು. ಒಂದೂ ಬರಲಿಲ್ಲ, ಖರ್ಚು ಮಾತ್ರ ಏರಿತು, ಮತ್ತು 2025ರಲ್ಲಿ ಆ ಹೈಬ್ರಿಡ್ ಭಾಗವನ್ನೇ ಕಿತ್ತುಹಾಕಿದರು.

ಇನ್ನೊಂದು ನಷ್ಟ ಇದಕ್ಕಿಂತ ಆಳವಾದದ್ದು. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಿಂತರೆ ಹ್ಯುಂಡೈ ಐ20 ಕಾರುಗಳು ಎಷ್ಟಾದರೂ ಕಾಣುತ್ತವೆ. ವಿಶ್ವ ರ‍್ಯಾಲಿಯಲ್ಲಿ ಓಡುವ ಐ20ಗೂ ಅವುಗಳಿಗೂ ಹೆಸರು ಮತ್ತು ಮುಖಚಹರೆ ಬಿಟ್ಟರೆ ಸಂಬಂಧ ಬಹಳ ಕಡಿಮೆ. ಒಳಗೆ ಇರುವುದು ಉಕ್ಕಿನ ಕೊಳವೆಗಳ ಚೌಕಟ್ಟು, ಹೊರಗೆ ಇರುವುದು ಅದರ ಮೇಲೆ ತೊಡಿಸಿದ ಹೊದಿಕೆ. ಲೇತಿನ ಮುಂದೆ ಬದುಕು ಕಳೆದ ನಿಮ್ಮಂಥವರಿಗೆ ಒಂದು ಕಾರನ್ನು ನೋಡಿ "ಇದು ನಮ್ಮ ಗ್ಯಾರೇಜಿಗೂ ಬರುವ ಗಾಡಿ" ಎನ್ನಿಸುವುದಿತ್ತಲ್ಲ, ಆ ಸಲುಗೆ ಹೋಗಿದೆ. ನೀವು ಗ್ರೂಪ್ ಬಿ ಹೆಸರಿನಲ್ಲಿ ಹುಡುಕುತ್ತಿರುವುದು ಇದನ್ನೇ ಇರಬಹುದು ಎಂದು ನನ್ನ ಊಹೆ. ಟೊಯೊಟಾ 2020ರಲ್ಲಿ ಜಿಆರ್ ಯಾರಿಸ್ ಎಂಬ ರಸ್ತೆ ಕಾರನ್ನು ರ‍್ಯಾಲಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೊರತಂದಾಗ ಜಗತ್ತಿನ ಅಭಿಮಾನಿಗಳು ಅಷ್ಟು ಸಂತೋಷಪಟ್ಟದ್ದೂ ಇದೇ ಕಾರಣಕ್ಕೆ.

ಚಾಂಪಿಯನ್‌ಷಿಪ್ ಬಗ್ಗೆ ನಿಮ್ಮ ದೂರಿಗೆ ಬರುತ್ತೇನೆ. ಸೆಬಾಸ್ಟಿಯನ್ ಓಜಿಯೆ 2025ರ 14 ರ‍್ಯಾಲಿಗಳಲ್ಲಿ ಮೂರಕ್ಕೆ ಬರಲಿಲ್ಲ. ಓಡಿದ ಹನ್ನೊಂದರಲ್ಲಿ ಆರನ್ನು ಗೆದ್ದರು. ಎಲ್ಲ ಹದಿನಾಲ್ಕರಲ್ಲೂ ಓಡಿದ ಎಲ್ಫಿನ್ ಇವಾನ್ಸ್ ಅವರನ್ನು ಕೇವಲ 4 ಅಂಕಗಳಿಂದ ಹಿಂದಿಕ್ಕಿ, ಸೆಬಾಸ್ಟಿಯನ್ ಲೋಬ್ ಅವರ ಒಂಬತ್ತು ಪ್ರಶಸ್ತಿಗಳ ದಾಖಲೆಯನ್ನು ಸರಿಗಟ್ಟಿದರು. ಇದರಲ್ಲಿ ಅನ್ಯಾಯವಿಲ್ಲವೆಂದು ಹೇಳಲಾರೆ. ಮಣ್ಣಿನ ರ‍್ಯಾಲಿಯಲ್ಲಿ ಅಂಕಪಟ್ಟಿಯ ಮೊದಲಿಗರೇ ಮೊದಲ ದಿನ ಎಲ್ಲರಿಗಿಂತ ಮುಂದೆ ಹೊರಡಬೇಕು. ಮೇಲಿನ ಸಡಿಲ ಗರಸನ್ನು ಅವರ ಟೈರುಗಳು ಬದಿಗೆ ತಳ್ಳುತ್ತವೆ, ಹಿಂದಿನಿಂದ ಬಂದವರಿಗೆ ಗಟ್ಟಿ ನೆಲ ಸಿಗುತ್ತದೆ. ಗರಸು ಹಾಕಿದ ಹೊಸ ರಸ್ತೆಯಲ್ಲಿ ಬೈಕು ಓಡಿಸಿದ ನಮ್ಮ ಕಡೆಯ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಲವು ರ‍್ಯಾಲಿಗಳನ್ನು ಬಿಟ್ಟವರು ಅಂಕಪಟ್ಟಿಯಲ್ಲಿ ಕೆಳಗಿರುತ್ತಾರೆ, ಬಂದ ದಿನ ಒಳ್ಳೆಯ ದಾರಿ ಪಡೆಯುತ್ತಾರೆ. ಆದರೆ ಆ ದಾರಿಯಲ್ಲಿ ಆರು ಸಲ ಗೆಲ್ಲುವುದು ಮತ್ತೆ ಚಾಲಕನ ಕೈಚಳಕವೇ, ಅದನ್ನು ಓಜಿಯೆ ಅವರಿಂದ ಕಿತ್ತುಕೊಳ್ಳಲಾಗದು. ನನ್ನನ್ನು ಹೆಚ್ಚು ಕಾಡುವುದು ಬೇರೆ ಸಂಗತಿ: 2022ರಲ್ಲಿ 22ನೆಯ ವಯಸ್ಸಿಗೇ ವಿಶ್ವ ಚಾಂಪಿಯನ್ ಆಗಿದ್ದ ರೋವನ್‌ಪೆರಾ, ಇನ್ನೂ 25ರಲ್ಲಿರುವಾಗಲೇ ರ‍್ಯಾಲಿ ಬಿಟ್ಟು ಸರ್ಕ್ಯೂಟ್ ರೇಸಿಗೆ ಹೊರಟರು. ಹ್ಯುಂಡೈ ಚಾಲಕ ಓಟ್ ತಾನಕ್ ಕೂಡ 2025ರ ಕೊನೆಯಲ್ಲಿ ಪೂರ್ಣಾವಧಿ ಸ್ಪರ್ಧೆಯಿಂದ ಹಿಂದೆ ಸರಿದರು. ಎದುರಾಳಿಗಳು ಬೆರಳೆಣಿಕೆಯಷ್ಟೇ ಇರುವ ಕಡೆ ಪ್ರತಿಭಾವಂತರನ್ನು ಹಿಡಿದಿಡುವುದು ಕಷ್ಟ.

ಸಂಘಟಕರೂ ಕೆಲವು ಪೆಟ್ಟುಗಳನ್ನು ತಾವೇ ಕೊಟ್ಟಿದ್ದಾರೆ. 2024ರಲ್ಲಿ ಅಂಕಗಳನ್ನು ಶನಿವಾರಕ್ಕಿಷ್ಟು, ಭಾನುವಾರಕ್ಕಿಷ್ಟು ಎಂದು ಹಂಚಿದ್ದರಿಂದ ಸ್ವೀಡನ್ ರ‍್ಯಾಲಿ ಗೆದ್ದ ಎಸಾಪೆಕ್ಕಾ ಲಪ್ಪಿ ಅವರಿಗಿಂತ ಎರಡನೆಯವರಾಗಿ ಬಂದ ಇವಾನ್ಸ್ ಅವರಿಗೆ ಹೆಚ್ಚು ಅಂಕ ದೊರೆಯಿತು. ಗೆದ್ದವರಿಗೆ ಕಡಿಮೆ ಅಂಕ ಬರುವ ಆಟವನ್ನು ಹೊಸ ಪ್ರೇಕ್ಷಕರಿಗೆ ಹೇಗೆ ವಿವರಿಸುವುದು? 2025ರಲ್ಲಿ ಅದನ್ನು ಸರಿಪಡಿಸಿ, ಗೆಲುವಿಗೆ 25 ಅಂಕ ಎಂಬ ನೇರ ಲೆಕ್ಕಕ್ಕೆ ಮರಳಿದ್ದು ಒಳ್ಳೆಯದಾಯಿತು.

ಸಫಾರಿಯ ವಿಷಯದಲ್ಲಿ ನಾನು ನಿಮ್ಮ ಜೊತೆಗಿದ್ದೇನೆ, ಆದರೆ ಅರ್ಧ ದಾರಿಯವರೆಗೆ ಮಾತ್ರ. 1953ರಲ್ಲಿ ಆರಂಭವಾದ ಪೂರ್ವ ಆಫ್ರಿಕಾದ ಆ ರ‍್ಯಾಲಿ ಸಾವಿರಾರು ಕಿಲೋಮೀಟರ್ ಉದ್ದದ್ದಾಗಿತ್ತು, ಜನ ದನ ಓಡಾಡುವ ತೆರೆದ ರಸ್ತೆಯಲ್ಲೇ ನಡೆಯುತ್ತಿತ್ತು. ಕೆನ್ಯಾದ ಸರದಾರ ಜೋಗಿಂದರ್ ಸಿಂಗ್ ಅದನ್ನು 1965ರಲ್ಲಿ ಹಳೆಯ ವೋಲ್ವೊ ಒಂದರಲ್ಲಿ ಗೆದ್ದರು. 1974 ಮತ್ತು 1976ರಲ್ಲಿ ಮಿತ್ಸುಬಿಷಿ ಲ್ಯಾನ್ಸರ್‌ನಲ್ಲಿ ಮತ್ತೆ ಗೆದ್ದರು. ಭಾರತೀಯ ಮೂಲದವರೇ ಆದ ಶೇಖರ್ ಮೆಹ್ತಾ ಐದು ಬಾರಿ ಗೆದ್ದರು, ಅದರಲ್ಲಿ ನಾಲ್ಕು ಸತತವಾಗಿ, 1979ರಿಂದ 1982ರವರೆಗೆ. ನಮ್ಮ ಜನರ ಈ ಗೆಲುವುಗಳು ಇಲ್ಲಿ ಎಷ್ಟು ಕಡಿಮೆ ಜನರಿಗೆ ಗೊತ್ತು ಎಂಬುದು ನನಗೆ ನೋವಿನ ಸಂಗತಿ. 2002ರ ನಂತರ ವಿಶ್ವ ಚಾಂಪಿಯನ್‌ಷಿಪ್‌ನಿಂದ ಹೊರಬಿದ್ದ ಸಫಾರಿ 2021ರಲ್ಲಿ ಮರಳಿದೆ. ನೈವಾಶಾ ಸುತ್ತಲಿನ ಮುಚ್ಚಿದ ದಾರಿಗಳಲ್ಲಿ ಈಗ ಅದರ ಸ್ಪರ್ಧಾ ಭಾಗ ಕೆಲವು ನೂರು ಕಿಲೋಮೀಟರ್ ಮಾತ್ರ. ತೆರೆದ ರಸ್ತೆಯ ಹಳೆಯ ಪದ್ಧತಿ ಮತ್ತೆ ಬರಬಾರದು. ಆದರೆ ಪ್ರತಿ ದೇಶದ ರ‍್ಯಾಲಿಯೂ ಹೆಚ್ಚುಕಡಿಮೆ ಒಂದು ವಾರಾಂತ್ಯದೊಳಗೆ, ಒಂದೇ ಸರ್ವಿಸ್ ಪಾರ್ಕಿನ (ಕಾರುಗಳನ್ನು ರಿಪೇರಿ ಮಾಡುವ ತಾಣದ) ಸುತ್ತ ಮುಗಿಯಬೇಕು ಎಂಬ ಕಟ್ಟುಪಾಡಿನಿಂದ ಊರೂರಿನ ಗುಣ ಸವೆಯುತ್ತಿದೆ ಎಂಬ ನಿಮ್ಮ ಅಳಲು ನ್ಯಾಯವಾದದ್ದು.

ಹಾಗಾದರೆ ನಾವು ಏಕೆ ಇನ್ನೂ ನೋಡುತ್ತೇವೆ, ನಾನು ಏಕೆ ನಾಲ್ಕು ಪುಟ ಕೊಡುತ್ತೇನೆ? ಏಕೆಂದರೆ ರ‍್ಯಾಲಿಯ ತಿರುಳಿಗೆ ಯಾವ ನಿಯಮಪುಸ್ತಕವೂ ಧಕ್ಕೆ ತಂದಿಲ್ಲ. ಸರ್ಕ್ಯೂಟಿನಲ್ಲಿ ಚಾಲಕ ಅದೇ ತಿರುವನ್ನು ನೂರಾರು ಸಲ ಸುತ್ತಿ ಬಾಯಿಪಾಠ ಮಾಡುತ್ತಾನೆ. ರ‍್ಯಾಲಿಯಲ್ಲಿ ಸ್ಪರ್ಧೆಗೆ ಮೊದಲು ಆ ದಾರಿಯನ್ನು ಎರಡೇ ಬಾರಿ, ಅದೂ ಮಿತ ವೇಗದಲ್ಲಿ ನೋಡಲು ಅವಕಾಶ. ಮೊದಲ ಸಲ ಚಾಲಕ ಹೇಳಿದ್ದನ್ನು ಸಹಚಾಲಕ ಬರೆದುಕೊಳ್ಳುತ್ತಾನೆ, ಎರಡನೆಯ ಸಲ ತಿದ್ದುತ್ತಾನೆ: ಎಷ್ಟು ಮೀಟರ್ ನೇರ, ತಿರುವು ಎಷ್ಟು ಬಿಗಿ, ಮುಂದೆ ಹೋದಂತೆ ಇನ್ನೂ ಬಿಗಿಯಾಗುತ್ತದೆಯೋ, ಏರಿನ ಆಚೆ ದಾರಿ ಯಾವ ಕಡೆ ಹೊರಳುತ್ತದೆ. ಸ್ಪರ್ಧೆಯ ದಿನ ಧೂಳಿನಲ್ಲಿ, ಮಂಜಿನಲ್ಲಿ, ಇರುಳಿನಲ್ಲಿ ಚಾಲಕ ಕಣ್ಣಿಗೆ ಕಾಣದ ತಿರುವಿಗೆ ಆ ಅಕ್ಷರಗಳನ್ನು ನಂಬಿ ಕಾರನ್ನು ಎಸೆಯುತ್ತಾನೆ. ಒಂದು ಸಾಲು ತಡವಾಗಿ ಓದಿದರೂ ಕಾರು ಮರಕ್ಕೆ. ಅಲ್ಲದೆ ಒಂದು ಸ್ಟೇಜಿನಿಂದ (ಮುಚ್ಚಿದ ದಾರಿಯಲ್ಲಿ ಸಮಯ ಅಳೆದು ಓಡಿಸುವ ಭಾಗದಿಂದ) ಇನ್ನೊಂದಕ್ಕೆ ಹೋಗುವಾಗ ಅದೇ ಕಾರು ಸಾರ್ವಜನಿಕ ರಸ್ತೆಯಲ್ಲಿ, ಸಂಚಾರ ನಿಯಮ ಪಾಲಿಸಿ, ಗೊತ್ತಾದ ನಿಮಿಷಕ್ಕೆ ತಲುಪಬೇಕು. ದಾರಿಯಲ್ಲಿ ಕೆಟ್ಟರೆ ಇಬ್ಬರೇ, ಕಾರಿನಲ್ಲಿರುವ ಸಾಮಾನುಗಳಿಂದಲೇ ರಿಪೇರಿ ಮಾಡಿಕೊಳ್ಳಬೇಕು. ವಿಶ್ವ ಚಾಂಪಿಯನ್ ರಸ್ತೆಬದಿಯಲ್ಲಿ ಮಂಡಿಯೂರಿ ಸಸ್ಪೆನ್ಷನ್ ಬಿಗಿಯುವುದನ್ನು ಬೇರೆ ಯಾವ ಮೋಟಾರು ಕ್ರೀಡೆಯಲ್ಲಿ ಕಾಣುತ್ತೇವೆ? ನಿಮ್ಮ ಕಿರಿಯ ಗೆಳೆಯರು ಮೆಚ್ಚಿರುವುದು ಇದನ್ನೇ ಆಗಿದ್ದರೆ ಅವರು ಸರಿ.

ಮುಂದಿನ ಬಗ್ಗೆ ನನಗೆ ಭರವಸೆ ಇದೆ. 2027ರಿಂದ ಬರುವ ನಿಯಮಗಳು ಒಂದು ಕಾರಿನ ಬೆಲೆಗೆ 3,45,000 ಯೂರೊಗಳ ಮಿತಿ ಹಾಕುತ್ತವೆ. ಈಗಿನ ವೆಚ್ಚದ ಅರ್ಧಕ್ಕಿಂತ ಅದು ಕಡಿಮೆ. ದೊಡ್ಡ ಕಂಪನಿಗಳಲ್ಲದೆ ಸ್ವತಂತ್ರ ತಯಾರಕರೂ ಕಾರು ಕಟ್ಟಿ ತರಬಹುದು. ಕಾರುಗಳ ಶಕ್ತಿ ಸುಮಾರು 300 ಕುದುರೆಶಕ್ತಿಗೆ ಇಳಿಯುತ್ತದೆ ಎಂದು ಕೆಲವರು ಮರುಗುತ್ತಿದ್ದಾರೆ, ನಾನು ಮರುಗುವುದಿಲ್ಲ. ಹತ್ತು ಕಾರುಗಳ ನಡುವೆ ಕೆಲವೇ ಸೆಕೆಂಡುಗಳ ಅಂತರ ಇರುವುದಾದರೆ ಅಷ್ಟು ಕುದುರೆಶಕ್ತಿ ಕಡಿಮೆಯಾದದ್ದು ಯಾರ ಗಮನಕ್ಕೂ ಬಾರದು.

ನಮ್ಮ ಕಡೆ ರ‍್ಯಾಲಿ ಏಕಿಲ್ಲ ಎಂಬ ಪ್ರಶ್ನೆಗೆ ಉತ್ತರ ನೆಲದಲ್ಲೇ ಇದೆ. ಚಿಕ್ಕಮಗಳೂರಿನಲ್ಲಿ ನಡೆಯುವುದು ಕಾಫಿ ತೋಟಗಳ ಒಳದಾರಿಗಳಿರುವುದರಿಂದ. ಖಾಸಗಿ ಎಸ್ಟೇಟಿನ ಗೇಟು ಹಾಕಿದರೆ ದಾರಿ ಮುಚ್ಚಿತು. ನಮ್ಮ ಎರೆ ಸೀಮೆಯ ಚಕ್ಕಡಿ ದಾರಿ ಹತ್ತಾರು ರೈತರ ಹೊಲಗಳನ್ನು ಹಾದುಹೋಗುತ್ತದೆ, ಅದಕ್ಕೆ ನೂರು ಕಡೆಯಿಂದ ಕಾಲುದಾರಿಗಳು ಬಂದು ಸೇರುತ್ತವೆ. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ರಾಷ್ಟ್ರೀಯ ರ‍್ಯಾಲಿಯೊಂದರಲ್ಲಿ ಬೈಕಿನಲ್ಲಿ ಸ್ಪರ್ಧೆಯ ದಾರಿಗೆ ಬಂದ ಒಂದೇ ಕುಟುಂಬದ ಮೂವರು ಪ್ರಾಣ ಕಳೆದುಕೊಂಡರು. ಅದನ್ನು ನೆನೆದರೆ, ಪ್ರತಿ ಅಡ್ಡದಾರಿಗೂ ಕಾವಲು ಹಾಕಲಾಗದ ಕಡೆ ಸ್ಪೆಷಲ್ ಸ್ಟೇಜ್ ನಡೆಸಬೇಕೆಂದು ನಾನು ಬರೆಯಲಾರೆ. ಹಿಂಗಾರಿ ಜೋಳ, ಕಡಲೆ ಮನೆ ಸೇರಿ ಮುಂಗಾರಿ ಬಿತ್ತನೆ ಇನ್ನೂ ಶುರುವಾಗದ ಏಪ್ರಿಲ್ ವೇಳೆಗೆ ಹೊಲಗಳು ಖಾಲಿ ಇರುತ್ತವೆ. ಊರವರನ್ನು ಮೊದಲಿನಿಂದಲೇ ಜೊತೆಗೆ ಸೇರಿಸಿಕೊಂಡು, ಜಿಲ್ಲಾಡಳಿತದ ಒಪ್ಪಿಗೆ ಪಡೆದು ಚಿಕ್ಕದೊಂದು ಸ್ಟೇಜ್ ಮಾಡಲು ಆಗ ಸಾಧ್ಯವಾಗಬಹುದು. ಅದಕ್ಕೂ ಮುಂಚೆ, ಸಮಯ-ವೇಗ-ದೂರದ ಲೆಕ್ಕದ ಟಿಎಸ್‌ಡಿ ರ‍್ಯಾಲಿಗಳು ಬರಲಿ ಎಂಬುದು ನನ್ನ ಆಸೆ. ಅದರಲ್ಲಿ ವೇಗದ ಪೈಪೋಟಿ ಇಲ್ಲ. ತೆರೆದ ರಸ್ತೆಯಲ್ಲಿ ಕಾನೂನಿನ ಮಿತಿಯೊಳಗೇ, ಕೊಟ್ಟ ಸರಾಸರಿ ವೇಗವನ್ನು ಕಾಯ್ದುಕೊಂಡು ಹೋಗಬೇಕು, ಬೇಗ ತಲುಪಿದರೂ ತಡವಾಗಿ ತಲುಪಿದರೂ ದಂಡ ಬೀಳುತ್ತದೆ.

ನಿಮ್ಮ ತಂಗಿಯ ಮಗನಿಗೆ ನಾನು ಹೇಳುವುದೂ ಅದನ್ನೇ. ಟಿಎಸ್‌ಡಿಯಲ್ಲಿ ಗೆಲುವು ಸೋಲು ನ್ಯಾವಿಗೇಟರ್ ಕೈಯಲ್ಲಿರುತ್ತದೆ, ಮನೆಯ ಕಾರೇ ಸಾಕು, ತಪ್ಪಿದರೆ ಹೋಗುವುದು ಅಂಕ ಮಾತ್ರ. ಅಲ್ಲಿ ಪಳಗಿದ ಮೇಲೆ ದೇಶದ ಮೋಟಾರು ಕ್ರೀಡೆಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐನಿಂದ ಸ್ಪರ್ಧಾ ಪರವಾನಗಿ ಪಡೆದು ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಷಿಪ್ ಕಡೆ ನೋಡಬಹುದು. ನಮ್ಮ ನೆರೆಯ ಕಾಸರಗೋಡಿನ ಮೂಸಾ ಶರೀಫ್ ದೇಶದ ಹೆಸರಾಂತ ನ್ಯಾವಿಗೇಟರ್ ಆಗಿ ಬೆಳೆದದ್ದು ದೊಡ್ಡ ನಗರದಿಂದಲ್ಲ. ಏಷ್ಯಾ-ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್ ಅನ್ನು ಮೂರು ಸಲ ಗೆದ್ದ ಗೌರವ್ ಗಿಲ್ ಅವರಿಗೆ 2019ರಲ್ಲಿ ಅರ್ಜುನ ಪ್ರಶಸ್ತಿ ಬಂದ ಮೇಲೆ ಇದನ್ನು ಕ್ರೀಡೆಯೆಂದು ಮನೆಯವರಿಗೆ ಒಪ್ಪಿಸುವುದೂ ಸ್ವಲ್ಪ ಸುಲಭವಾಗಿದೆ. ರಾಷ್ಟ್ರೀಯ ಮಟ್ಟದಲ್ಲಿ ಓಡಿರುವುದು ಪೋಲೊ, ಜಿಪ್ಸಿಯಂಥ ಕಾರುಗಳು, ಅಂದರೆ ನಿಮ್ಮ ವರ್ಕ್‌ಶಾಪಿನ ಕೈಗೆ ಎಟುಕುವ ಗಾಡಿಗಳು. ಹುಡುಗ ಡಿಪ್ಲೊಮಾ ಮುಗಿಸಲಿ. ಅಷ್ಟರೊಳಗೆ ರಾಣೆಬೆನ್ನೂರಿನಿಂದ ಹಾನಗಲ್ಲಿಗೆ ಹೋಗುವ ದಾರಿಯನ್ನು, ನೀವು ನಿಧಾನವಾಗಿ ಕಾರು ಓಡಿಸುತ್ತಿರುವಾಗ ಪಕ್ಕದಲ್ಲಿ ಕೂತು, ತಿರುವು ತಿರುವಾಗಿ ಬರೆದುಕೊಳ್ಳುವ ಅಭ್ಯಾಸ ಮಾಡಲಿ. ಬರೆದದ್ದನ್ನು ನಮಗೆ ಕಳಿಸಿದರೆ ರ‍್ಯಾಲಿ ಬಲ್ಲವರಿಗೆ ತೋರಿಸಿ, ತಿದ್ದಿಸಿ ಮರಳಿ ಕಳಿಸುತ್ತೇವೆ.

— ಸಂಪಾದಕ