ಎಲಿಜಬೆತ್‌ಗೆ ಕೆಲಸವಿಲ್ಲದ ಪೆಂಬರ್ಲಿ

ಓದುಗರ ಪತ್ರ (ಸಂಗ್ರಹಿಸಿದ್ದು): ಜೇನ್ ಆಸ್ಟಿನ್ ಅವರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ನನಗೆ ಅಚ್ಚುಮೆಚ್ಚು. ಅದರ ಮುಂದಿನ ಕಥೆಯಾಗಿ ಪಿ.ಡಿ. ಜೇಮ್ಸ್ ಬರೆದ ‘ಡೆತ್ ಕಮ್ಸ್ ಟು ಪೆಂಬರ್ಲಿ’ ಎಂಬ ಪತ್ತೇದಾರಿ ಕಾದಂಬರಿಯನ್ನು ನಿಮ್ಮ ಪತ್ರಿಕೆಯಲ್ಲಿ ಬಂದ ಪರಿಚಯ ಓದಿ ಕೊಂಡೆ. ತುಂಬಾ ನಿರಾಸೆಯಾಯಿತು. ಮುಗಿದ ಪ್ರೇಮಕಥೆಗೆ ಕೊಲೆಯನ್ನು ಅಂಟಿಸಬೇಕಿತ್ತೇ? ಒಬ್ಬರ ಕೃತಿಯನ್ನು ಇನ್ನೊಬ್ಬರು ಮುಂದುವರಿಸುವುದೇ ತಪ್ಪಲ್ಲವೇ?
– ಓದುಗರೊಬ್ಬರು, ಚಿಂತಾಮಣಿ

ಸಂಪಾದಕರ ಉತ್ತರ:

ನಿಮ್ಮ ನಿರಾಸೆಯಲ್ಲಿ ನನಗೂ ಪಾಲಿದೆ. ಆದರೆ ನೀವು ಹೊರಿಸಿರುವ ಎರಡು ಆರೋಪಗಳನ್ನೂ ಒಪ್ಪಲಾರೆ.

ಮುಂದುವರಿಸುವುದೇ ತಪ್ಪೆಂದರೆ ನಾವು ಕಳೆದುಕೊಳ್ಳುವುದು ಬಹಳ. ಬಾಣಭಟ್ಟ ‘ಕಾದಂಬರಿ’ಯನ್ನು ಅರ್ಧಕ್ಕೆ ಬಿಟ್ಟು ತೀರಿಕೊಂಡಾಗ ಅವನ ಮಗ ಉತ್ತರಭಾಗ ಬರೆದ. ಕವಿತ್ವದ ದರ್ಪದಿಂದಲ್ಲ, ಕಥೆ ನಿಂತುಹೋಯಿತಲ್ಲ ಎಂದು ಸಜ್ಜನರು ಪಡುವ ದುಃಖವನ್ನು ನೋಡಿ ಕೈಹಾಕಿದೆ ಎಂದು ಆರಂಭದಲ್ಲೇ ಹೇಳಿಕೊಂಡ. ಕುಮಾರವ್ಯಾಸ ಗದಾಪರ್ವಕ್ಕೆ ನಿಲ್ಲಿಸಿದ ಭಾರತವನ್ನು ತಿಮ್ಮಣ್ಣ ಕವಿ ಮುಂದುವರಿಸಿದ. ಅವು ಅಪೂರ್ಣ ಕೃತಿಗಳು, 1813ರಲ್ಲಿ ಪ್ರಕಟವಾದ ಆಸ್ಟಿನ್ ಕಾದಂಬರಿ ಪೂರ್ಣವಾದದ್ದು ಎನ್ನುತ್ತೀರಿ. ನಿಜ. ಆದರೂ ನಮ್ಮ ತುಮಕೂರು ಸೀಮೆಯ ಹಳ್ಳಿಗಳಲ್ಲಿ ರಾತ್ರಿಯಿಡೀ ನಡೆಯುವ ಕುರುಕ್ಷೇತ್ರ ನಾಟಕವನ್ನು ನೆನೆಯಿರಿ. ದುರ್ಯೋಧನನಿಗೆ ಹೊಸದೊಂದು ಹಾಡು ಸೇರಿಸಿದರೆ ಯಾರೂ ತಕರಾರು ತೆಗೆಯುವುದಿಲ್ಲ. ಅವನ ಛಲ ಮಂಕಾದರೆ ಮಾತ್ರ ಜನ ಎದ್ದು ಹೋಗುತ್ತಾರೆ.

ಜೇಮ್ಸ್ ಅವರ ಪುಸ್ತಕದಲ್ಲಿ ಮಂಕಾಗಿರುವವಳು ಆಸ್ಟಿನ್ ಅವರ ನಾಯಕಿ ಎಲಿಜಬೆತ್.

ಆರಂಭವೇನೋ ಚೆನ್ನಾಗಿದೆ. 1803ನೇ ಇಸವಿ, ಎಲಿಜಬೆತ್ ಡಾರ್ಸಿಯನ್ನು ಮದುವೆಯಾಗಿ ಅವನ ಬಂಗಲೆ ಪೆಂಬರ್ಲಿಗೆ ಬಂದು ಆರು ವರ್ಷ. ನೃತ್ಯಕೂಟದ ಹಿಂದಿನ ರಾತ್ರಿ ಬಿರುಗಾಳಿಯಲ್ಲಿ ಗಾಡಿಯೊಂದು ಬರುತ್ತದೆ. ತನ್ನ ಗಂಡ ವಿಕ್‌ಹ್ಯಾಮ್‌ನನ್ನು ಕೊಂದುಬಿಟ್ಟರೆಂದು ಎಲಿಜಬೆತ್‌ಳ ತಂಗಿ ಲಿಡಿಯಾ ಚೀರುತ್ತಾಳೆ. ಕಾಡಿನಲ್ಲಿ ಸಿಗುವ ಹೆಣ ಅವನ ಗೆಳೆಯ ಡೆನ್ನಿಯದು. ಅಲ್ಲಿಂದ ಮುಂದೆ ವಿಕ್‌ಹ್ಯಾಮ್‌ನ ವಿಚಾರಣೆ, ಸಾಕ್ಷ್ಯ, ಲಂಡನ್ನಿನ ನ್ಯಾಯಾಲಯ. ಎಲ್ಲವೂ ಗಂಡಸರ ಕೈಯಲ್ಲಿ. ಎಲಿಜಬೆತ್ ಮನೆ ನೋಡಿಕೊಳ್ಳುತ್ತಾಳೆ, ಯೋಚಿಸುತ್ತಾಳೆ, ಸುದ್ದಿಗಾಗಿ ಕಾಯುತ್ತಾಳೆ. ರಹಸ್ಯ ಬಯಲಾಗುವುದು ಒಬ್ಬನ ತಪ್ಪೊಪ್ಪಿಗೆಯಿಂದ. (ಯಾರೆಂದು ಬರೆಯುವುದಿಲ್ಲ, ಉಳಿದವರು ಓದಿಕೊಳ್ಳಲಿ.)

ನನಗೆ ಸಂಕಟವಾಗುವುದು ಇಲ್ಲೇ. ಏಕೆಂದರೆ ಮೂಲ ಕಾದಂಬರಿಯಲ್ಲಿ ಪತ್ತೇದಾರಿಕೆ ಮಾಡಿದವಳೇ ಎಲಿಜಬೆತ್! ತನ್ನ ಮೇಲೆ ವಿಕ್‌ಹ್ಯಾಮ್ ಹೊರಿಸಿದ್ದ ದೂರಿಗೆ ಉತ್ತರವಾಗಿ ಡಾರ್ಸಿ ಕೊಟ್ಟ ಪತ್ರವನ್ನು ಅವಳು ಓದುವ ಅಧ್ಯಾಯವನ್ನು ಮತ್ತೆ ತೆರೆದು ನೋಡಿ. ಇನ್ನೆಂದೂ ನೋಡುವುದಿಲ್ಲವೆಂದು ಮಡಚಿಡುತ್ತಾಳೆ. ಅರ್ಧ ನಿಮಿಷದಲ್ಲಿ ಮತ್ತೆ ಬಿಡಿಸುತ್ತಾಳೆ. ಒಂದೊಂದು ವಾಕ್ಯವನ್ನೂ ತೂಗುತ್ತಾಳೆ. ಮೊದಲ ಸಲ ಮಾತಿಗೆ ಕುಳಿತ ಅಪರಿಚಿತೆಯ ಮುಂದೆ ವಿಕ್‌ಹ್ಯಾಮ್ ಅಷ್ಟೆಲ್ಲ ತೋಡಿಕೊಂಡದ್ದು ಏಕೆ? ಡಾರ್ಸಿಗೆ ಹೆದರುವುದಿಲ್ಲವೆಂದವನು ನೆದರ್‌ಫೀಲ್ಡ್ ನೃತ್ಯಕೂಟಕ್ಕೆ ಬರದೆ ತಪ್ಪಿಸಿಕೊಂಡದ್ದು ಏಕೆ? ಡಾರ್ಸಿ ಊರು ಬಿಟ್ಟ ಮೇಲಷ್ಟೇ ಆ ದೂರು ಊರೆಲ್ಲ ಹಬ್ಬಿದ್ದು ಹೇಗೆ? ಎಲ್ಲ ಸುಳಿವುಗಳೂ ಮೊದಲಿನಿಂದ ನಮ್ಮ ಕಣ್ಣ ಮುಂದೆಯೇ ಇದ್ದವು. ಅವಳು ಹಿಡಿದ ಅಪರಾಧಿ ವಿಕ್‌ಹ್ಯಾಮ್ ಒಬ್ಬನೇ ಅಲ್ಲ. ಇದುವರೆಗೆ ತನ್ನನ್ನು ತಾನೇ ಅರಿತಿರಲಿಲ್ಲವೆಂದು ನಾಚುತ್ತಾಳೆ. ಇಂಗ್ಲಿಷಿನಲ್ಲಿ ಇದಕ್ಕಿಂತ ಸೊಗಸಾದ ತನಿಖೆಯನ್ನು ನಾನು ಓದಿಲ್ಲ.

ಹಾಗಾಗಿ ಪ್ರೇಮಕಥೆಗೆ ರಹಸ್ಯ ಹೊಂದುವುದಿಲ್ಲ ಎಂಬ ನಿಮ್ಮ ಮಾತು ನಿಲ್ಲದು. ಇಂಥ ಬುದ್ಧಿವಂತೆಯನ್ನು ಕೊಲೆ ನಡೆದ ಮನೆಯಲ್ಲೇ ಕೂರಿಸಿ, ಒಂದು ಸುಳಿವನ್ನೂ ಬಿಡಿಸಲು ಕೊಡದಿರುವುದು ಅನ್ಯಾಯ. ಆ ಕಾಲದ ಹೆಣ್ಣಿಗೆ ನ್ಯಾಯಾಲಯದಲ್ಲಿ ಸ್ಥಾನವಿರಲಿಲ್ಲ ಎನ್ನಬಹುದು. ಅವಳ ಮೊದಲ ತನಿಖೆಗೆ ನ್ಯಾಯಾಲಯ ಬೇಕಿರಲಿಲ್ಲ. ಒಂದು ಪತ್ರ ಮತ್ತು ಒಂಟಿ ನಡಿಗೆ ಸಾಕಾಗಿತ್ತು.

ಜೇಮ್ಸ್ ಬಗ್ಗೆ ನನಗೆ ಗೌರವವಿದೆ. ಬ್ರಿಟನ್ನಿನ ಗೃಹ ಇಲಾಖೆಯಲ್ಲಿ ದುಡಿದಿದ್ದ ಅವರಿಗೆ ಕಾನೂನಿನ ನಡೆ ಚೆನ್ನಾಗಿ ಗೊತ್ತಿತ್ತು. ಡಾರ್ಸಿ ತಾನೇ ಮ್ಯಾಜಿಸ್ಟ್ರೇಟ್ ಆಗಿದ್ದರೂ ಸಂಬಂಧಿಯ ಪ್ರಕರಣವಾದ್ದರಿಂದ ದೂರ ನಿಲ್ಲಬೇಕಾದ ಇಕ್ಕಟ್ಟನ್ನು ಬಿಗಿಯಾಗಿ ಬರೆದಿದ್ದಾರೆ. 2011ರಲ್ಲಿ ಪುಸ್ತಕ ಬಂದಾಗ ಅವರಿಗೆ 91 ವರ್ಷ. ಮುನ್ನುಡಿಯಲ್ಲಿ ಆಸ್ಟಿನ್ ಅವರ ಕ್ಷಮೆ ಕೇಳಿ, ಇಂಥ ವಿಷಯ ಬೇಕಿದ್ದರೆ ಆಕೆಯೇ ಬರೆಯುತ್ತಿದ್ದರು, ಇನ್ನೂ ಚೆನ್ನಾಗಿ ಬರೆಯುತ್ತಿದ್ದರು ಎಂದೂ ಹೇಳಿದ್ದಾರೆ. ಆ ವಿನಯ ದೊಡ್ಡದು.

ಇಂಥ ಪುಸ್ತಕಗಳ ಪರಿಚಯವನ್ನು ಮುಂದೆಯೂ ಪ್ರಕಟಿಸುತ್ತೇವೆ. ಲಿಡಿಯಾಳ ಬಗ್ಗೆ ನಿಮ್ಮ ಪತ್ರದ ಕೊನೆಯಲ್ಲಿ ಬರೆದಿರುವುದನ್ನು ಸ್ಥಳದ ಅಭಾವದಿಂದ ಇಲ್ಲಿ ಬಿಟ್ಟಿದ್ದೇವೆ. ಅದನ್ನು ಬೆಳೆಸಿ ಲೇಖನವಾಗಿ ಕಳುಹಿಸಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇವೆ.