‘ಕಳ್ಳರ ಪ್ರಾಸ’ ಯಾಕೆ ವಾಪಸ್ ಬಂತು

ಪ್ರಿಯ ಲೇಖಕರೇ,

ಲಂಡನ್ನಿನ ಕಾಕ್ನಿ ಜನರ, ಅಂದರೆ ಅಲ್ಲಿನ ಪೂರ್ವಭಾಗದ ದುಡಿಮೆಗಾರರ, ಪ್ರಾಸದ ಆಡುಮಾತಿನ ಬಗ್ಗೆ ನೀವು ಕಳಿಸಿದ ‘ಕಳ್ಳರ ಪ್ರಾಸ’ ಲೇಖನ ಓದಿದೆ. ಈಗಿರುವ ಹಾಗೆ ಇದನ್ನು ಹಾಕಿಕೊಳ್ಳಲು ಆಗುವುದಿಲ್ಲ. ‘ಸ್ಥಳಾವಕಾಶದ ಅಭಾವದಿಂದ’ ಎಂದು ಎರಡು ಸಾಲು ಗೀಚಿ ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡದೆ ಉದ್ದದ ಪತ್ರ ಬರೆಯುತ್ತಿರುವುದಕ್ಕೆ ನಿಮ್ಮ ಐದನೇ ಪುಟದ ಒಂದೇ ಒಂದು ಪ್ಯಾರಾ ಕಾರಣ. ಆ ಪ್ಯಾರಾದ ವಿಷಯ ಆಮೇಲೆ. ಮೊದಲು ತಕರಾರುಗಳು.

ಮೊದಲ ಪುಟ ಪೂರ್ತಿ ತೆಗೆದುಬಿಡಿ. ‘ಭಾಷೆ ನಿರಂತರ ಹರಿಯುವ ನದಿ’ ಎಂದು ಶುರುವಾಗುವ ಲೇಖನಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಆ ನದಿ ದಾಟಿ ಲಂಡನ್ ಮುಟ್ಟುವಷ್ಟರಲ್ಲಿ ಓದುಗರು ಪುಟ ತಿರುವಿರುತ್ತಾರೆ.

ಆಮೇಲೆ ಅರವತ್ತು ಚಿಲ್ಲರೆ ಪದಗಳ ಕೋಷ್ಟಕ. ಹೇಳಬೇಕಾದ ಪದದ ಬದಲು ಅದಕ್ಕೆ ಪ್ರಾಸವಾಗುವ ಮಾತು: ‘ಆಪಲ್ಸ್ ಅಂಡ್ ಪೇರ್ಸ್’ ಅಂದರೆ ಸ್ಟೇರ್ಸ್, ‘ಡಾಗ್ ಅಂಡ್ ಬೋನ್’ ಅಂದರೆ ಫೋನ್, ‘ಟ್ರಬಲ್ ಅಂಡ್ ಸ್ಟ್ರೈಫ್’ ಅಂದರೆ ವೈಫ್. ಸರಿ. ಇಷ್ಟು ತಿಳಿಯೋದಕ್ಕೆ ಪತ್ರಿಕೆ ಯಾಕೆ ಬೇಕು? ಪ್ರವಾಸಿಗರಿಗೆ ಮಾರುವ ಟವೆಲ್ಲುಗಳ ಮೇಲೂ ಇದು ಅಚ್ಚಾಗಿರುತ್ತದೆ. ಎಡಗಡೆ ಪದ, ಬಲಗಡೆ ಅರ್ಥ ಇಟ್ಟು ನೀವು ಈ ಮಾತಿನ ಅಸಲಿ ಕೈಚಳಕವನ್ನೇ ಕೈಬಿಟ್ಟಿದ್ದೀರಿ. ಅವರು ಎಷ್ಟೋ ಸಲ ಪ್ರಾಸ ಇರುವ ಮಾತನ್ನೇ ನುಂಗಿಬಿಡುತ್ತಾರೆ. ‘ಲುಕ್’ ಅನ್ನೋದಕ್ಕೆ ‘ಬುಚರ್ಸ್ ಹುಕ್’ ಪ್ರಾಸ, ಅಂದರೆ ಕಸಾಯಿಯವನ ಕೊಕ್ಕೆ. ಬಾಯಲ್ಲಿ ಬರುವುದು ಬರೀ ‘ಬುಚರ್ಸ್’. ‘ಮೇಟ್’ಗೆ ‘ಚೈನಾ ಪ್ಲೇಟ್’; ಗೆಳೆಯನನ್ನು ಕರೆಯುವುದು ‘ಮೈ ಓಲ್ಡ್ ಚೈನಾ’. ‘ಹೆಡ್’ಗೆ ‘ಲೋಫ್ ಆಫ್ ಬ್ರೆಡ್’. ತಲೆ ಉಪಯೋಗಿಸಪ್ಪಾ ಅನ್ನುವುದಕ್ಕೆ ‘ಯೂಸ್ ಯುವರ್ ಲೋಫ್’. ಅರ್ಥದ ಕೊಂಡಿ ಇರುವುದು ಕೊನೇ ಪದದಲ್ಲಿ, ಅದನ್ನೇ ಕಿತ್ತುಹಾಕಿದ ಮೇಲೆ ಹೊರಗಿನವನಿಗೆ ಹಿಡಿಯಲು ಏನೂ ಉಳಿಯುವುದಿಲ್ಲ. ನಿಮ್ಮ ಲೇಖನಕ್ಕೆ ಬೆನ್ನೆಲುಬು ಇದು. ಇದನ್ನು ಕೋಷ್ಟಕದ ಕೆಳಗೆ ಅಡಿಟಿಪ್ಪಣಿಯಾಗಿ ಹಾಕಿದ್ದೀರಿ!

ಇದೇ ಕಾರಣಕ್ಕೆ, ‘ನಮ್ಮ ಊಟಗೀಟ, ಕಾಫಿಗೀಫಿಯೂ ಇದೇ ಜಾತಿ’ ಎಂಬ ನಿಮ್ಮ ಮಾತು ನಿಲ್ಲುವುದಿಲ್ಲ. ‘ಊಟಗೀಟ ಆಯ್ತಾ’ ಅಂದಾಗ ಊಟ ಅಲ್ಲೇ ಇದೆ, ‘ಗೀಟ’ ಅದರ ಬಾಲ. ಕಾಕ್ನಿಯಲ್ಲಿ ಊಟವೇ ಮಾಯ, ಬಾಲವೊಂದೇ ಓಡಾಡುತ್ತದೆ. ಎರಡೂ ಕಿವಿಗೆ ಪ್ರಾಸದ ಹಾಗೆ ಕೇಳಿಸುತ್ತವೆ ಎಂಬುದು ಬಿಟ್ಟರೆ ಸಂಬಂಧ ಇಲ್ಲ.

ಈಗ ನಿಮ್ಮ ಶೀರ್ಷಿಕೆ. ಪೊಲೀಸರಿಗೆ ತಿಳಿಯದಿರಲಿ ಎಂದು ಪೂರ್ವ ಲಂಡನ್ನಿನ ಕಳ್ಳರು ಈ ನುಡಿ ಹುಟ್ಟಿಸಿದರು ಎಂದು ಖಚಿತವಾಗಿ ಬರೆದಿದ್ದೀರಿ. ಎಲ್ಲರೂ ಹೇಳುವ ಕಥೆ ಅದು. ಹೇಳಲು ಮಜವಾಗಿದೆ, ಆಧಾರ ಮಾತ್ರ ತೆಳು. ಜಾನ್ ಕ್ಯಾಮ್ಡೆನ್ ಹಾಟನ್ 1859ರಲ್ಲಿ ಪ್ರಕಟಿಸಿದ ಸ್ಲ್ಯಾಂಗ್ ನಿಘಂಟಿನಲ್ಲಿ, ಈ ನುಡಿ ಹುಟ್ಟಿ ಹನ್ನೆರಡು–ಹದಿನೈದು ವರ್ಷವಾಗಿದೆ ಎನ್ನುತ್ತಾನೆ. ಅಂದರೆ 1840ರ ದಶಕ. ಆಡುತ್ತಿದ್ದವರು ಯಾರು? ಬೀದಿಯಲ್ಲಿ ಹಾಡಿ ಹಾಡಿನ ಹಾಳೆ ಮಾರುವವರು, ಕೂಗಿ ಕೂಗಿ ಸರಕು ಮಾರುವವರು. ಅವನು ಹೆಸರಿಸುವ ಜಾಗ ಸೆವೆನ್ ಡಯಲ್ಸ್, ಅದು ಪೂರ್ವ ಲಂಡನ್ನೇ ಅಲ್ಲ, ನಗರದ ನಡುಭಾಗ. ಪ್ರಾಸ ಕಟ್ಟಿ ಹೊಟ್ಟೆ ಹೊರೆಯುವ ಬೀದಿ ಹಾಡುಗಾರರ ಬಾಯಲ್ಲಿ ಪ್ರಾಸದ ನುಡಿ ಹುಟ್ಟಿತು ಎನ್ನುವುದನ್ನು ಒಪ್ಪುವುದು ನನಗೇನೂ ಕಷ್ಟವಲ್ಲ. ಕಳ್ಳರೂ ಆಡಿರಬಹುದು, ಇಲ್ಲವೆನ್ನುವುದಿಲ್ಲ. ಆದರೆ ‘ಇರಬಹುದು’ ಅನ್ನುವುದನ್ನು ಶೀರ್ಷಿಕೆಗೆ ಏರಿಸಬಾರದು.

ಗುಟ್ಟಿನ ಮಾತೇ ಬೇಕೆಂದರೆ ಅದೇ ಕಾಲದ ತಳ್ಳುಗಾಡಿ ವ್ಯಾಪಾರಿಗಳ ಹಿಂದುಮುಂದು ನುಡಿ ಇತ್ತು, ಪತ್ರಕರ್ತ ಹೆನ್ರಿ ಮೇಹ್ಯೂ 1851ರಲ್ಲೇ ದಾಖಲಿಸಿದ್ದಾನೆ. ‘ಪೆನಿ’ಯನ್ನು ತಿರುಗಿಸಿ ‘ಯೆನೆಪ್’, ‘ಬಾಯ್’ ತಿರುಗಿಸಿ ‘ಯಾಬ್’. ಗಿರಾಕಿ ಎದುರಿಗೇ ನಿಂತಿರುವಾಗ ದರದ ಮಾತು ಅವನ ಕಿವಿಗೆ ಬೀಳಬಾರದು. ನಮ್ಮ ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ಟವೆಲ್ಲಿನಡಿ ಬೆರಳು ಹಿಡಿದು ದರ ಕುದುರಿಸುವುದೂ ಇದಕ್ಕೇ. ಆ ‘ಯಾಬ್’ ಇವತ್ತು ಇಂಗ್ಲಿಷಿನಲ್ಲಿ ಪುಂಡ ಹುಡುಗ ಎಂಬ ಅರ್ಥದಲ್ಲಿ ಪತ್ರಿಕೆಗಳ ತಲೆಬರಹಕ್ಕೂ ಬರುತ್ತದೆ. ನಿಮ್ಮ ಲೇಖನದಲ್ಲಿ ಇದರ ಸುಳಿವಿಲ್ಲ.

ಮೂರನೇ ಪುಟದ ಕೋತಿಯನ್ನು ನಾನು ಯಾವ ಕಾರಣಕ್ಕೂ ಬಿಡುವುದಿಲ್ಲ. 500 ಪೌಂಡಿಗೆ ‘ಮಂಕಿ’, 25 ಪೌಂಡಿಗೆ ‘ಪೋನಿ’ ಅನ್ನುತ್ತಾರೆ, ಅದು ನಿಜ. ಹಿಂದೆ ಇಂಡಿಯಾದ 500 ರೂಪಾಯಿ ನೋಟಿನ ಮೇಲೆ ಕೋತಿಯೂ 25ರ ನೋಟಿನ ಮೇಲೆ ಕುದುರೆಮರಿಯೂ ಇತ್ತು, ಸಿಪಾಯಿಗಳು ಆ ಹೆಸರನ್ನು ಊರಿಗೆ ಒಯ್ದರು ಎಂದು ಬರೆದಿದ್ದೀರಿ. ಇಂಡಿಯಾ ಸರ್ಕಾರದ ಕಾಗದದ ನೋಟು ಶುರುವಾದದ್ದು 1861ರ ಕಾಯ್ದೆಯಿಂದ. ಅದರ ಮೇಲಿದ್ದದ್ದು ವಿಕ್ಟೋರಿಯಾ ರಾಣಿಯ ಮುಖ. ‘ಪೋನಿ’ಯೂ ‘ಮಂಕಿ’ಯೂ ಅದಕ್ಕಿಂತ ಮೊದಲೇ ಜೂಜುಕೋರರ ಬಾಯಲ್ಲಿ ಓಡಾಡುತ್ತಿದ್ದವು. ಕೋತಿ ಇರುವ ನೋಟನ್ನು ಯಾರಾದರೂ ತಂದು ತೋರಿಸಿದರೆ ಮಾತಾಡೋಣ. ಇಂಥ ಕಥೆ ಕಂಡಾಗ ‘ನಮ್ಮ ದೇಶದ ಹೆಸರು ಬಂತಲ್ಲ’ ಎಂಬ ಖುಷಿಗೆ ಪರೀಕ್ಷೆ ಮಾಡದೆ ಬರೆದುಬಿಡುತ್ತೇವೆ. ಕನ್ನಡದಲ್ಲಿ ಭಾಷೆ ಬಗ್ಗೆ ಬರೆಯುವವರಿಗೆ ಇದು ಅಂಟುರೋಗ.

ನಿಜವಾದ ಕೊಂಡಿಗಳೇ ಬೇಕಾದಷ್ಟಿವೆ ನೋಡಿ. ‘ಬುಚರ್ಸ್’ ಅನ್ನುವ ಅದೇ ಜನ ‘ಹ್ಯಾವ್ ಅ ಡೆಕೋ’ ಅಂತಲೂ ಅನ್ನುತ್ತಾರೆ. ಅದು ಸಿಪಾಯಿಗಳು ಒಯ್ದ ಹಿಂದಿಯ ‘ದೇಖೋ’. ತಲೆ ಕೆಟ್ಟವನಿಗೆ ‘ಡೂಲ್ಯಾಲಿ’ ಎನ್ನುವುದು ಮಹಾರಾಷ್ಟ್ರದ ನಾಸಿಕ್ ಹತ್ತಿರದ ದೇವಲಾಲಿಯಿಂದ. ಸೇವೆಯ ಅವಧಿ ಮುಗಿಸಿದ ಸೈನಿಕರು ಊರಿನ ಹಡಗಿಗೆ ಕಾಯುತ್ತಾ ಆ ಸೇನಾ ಶಿಬಿರದಲ್ಲಿ ಕೊಳೆಯುತ್ತಿದ್ದರು. ಮೊದಲು ಅದು ‘ಡೂಲ್ಯಾಲಿ ಟ್ಯಾಪ್’ ಆಗಿತ್ತು, ಆ ಟ್ಯಾಪ್ ನಮ್ಮ ತಾಪವೇ. ಬೆಂಗಳೂರಿನವರು ‘ನಿಮ್ಹಾನ್ಸ್‌ಗೆ ಸೇರಿಸ್ಬೇಕು ಇವ್ನನ್ನ’ ಎನ್ನುವ ಜಾಡೂ ಅದೇ. ಇನ್ನು ಪ್ರಾಸದ ಪಟ್ಟಿಯಲ್ಲೇ ಇರುವ ರತ್ನವೊಂದನ್ನು ನೀವು ನೋಡಿಯೂ ಬಿಟ್ಟಿದ್ದೀರೋ, ನೋಡೇ ಇಲ್ಲವೋ: ‘ಮಹಾತ್ಮಾ ಗಾಂಧಿ’ ಅಂದರೆ ಬ್ರಾಂದಿ. ಇಂಗ್ಲಿಷರ ಬಾಯಲ್ಲಿ ಗಾಂಧಿ ‘ಗ್ಯಾಂಡಿ’ ಆಗಿ ‘ಬ್ರ್ಯಾಂಡಿ’ಗೆ ಪ್ರಾಸವಾಗುತ್ತದೆ; ನಮ್ಮ ಹಳ್ಳಿಯವರ ಬಾಯಲ್ಲಿ ಇನ್ನೂ ಚೆನ್ನಾಗಿ ಕೂರುತ್ತದೆ. ಮದ್ಯದ ಕಡುವೈರಿಯಾದ ಅದೇ ಗಾಂಧಿ 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋದಾಗ ಹೋಟೆಲು ಬೇಡವೆಂದು ಉಳಿದುಕೊಂಡದ್ದು ಪೂರ್ವ ಲಂಡನ್ನಿನ ಬೋ ಬಡಾವಣೆಯ ಕಿಂಗ್ಸ್‌ಲಿ ಹಾಲ್‌ನಲ್ಲಿ, ಈ ನುಡಿ ಆಡುವ ಕೂಲಿಕಾರರ ನಡುವೆ. ಇದನ್ನು ಬಿಟ್ಟು ಇಲ್ಲದ ಕೋತಿಯ ಹಿಂದೆ ಹೋಗಿದ್ದೀರಿ!

ಸಭ್ಯತೆಯ ಮಾತು. ‘ಅಶ್ಲೀಲ ಪದಗಳನ್ನು ಉದ್ದೇಶಪೂರ್ವಕ ಬಿಟ್ಟಿದ್ದೇನೆ’ ಎಂದು ಟಿಪ್ಪಣಿ ಹಾಕಿದ್ದೀರಿ. ಅದರ ಮೇಲಿನ ಸಾಲಿನಲ್ಲೇ ‘ಬರ್ಕ್ = ಪೆದ್ದ’ ಅಂತಿದೆ. ಅದು ‘ಬರ್ಕ್‌ಲಿ ಹಂಟ್’ ಎಂಬುದರ ತುಂಡು. ‘ಹಂಟ್’ಗೆ ಪ್ರಾಸವಾಗುವ ಪದವನ್ನು ನಾನು ಅಚ್ಚು ಹಾಕಲಾರೆ, ನೀವೇ ಊಹಿಸಿಕೊಳ್ಳಿ. ಇಂಗ್ಲೆಂಡಿನ ಎಷ್ಟೋ ಮರ್ಯಾದಸ್ಥರಿಗೂ ಗೊತ್ತಿಲ್ಲದೆ ಅವರು ಇದನ್ನು ಮಕ್ಕಳೆದುರೇ ಆಡುತ್ತಾರೆ. ‘ಬ್ಲೋ ಅ ರಾಸ್ಪ್‌ಬೆರಿ’ಯದೂ ಇದೇ ಕಥೆ, ‘ರಾಸ್ಪ್‌ಬೆರಿ ಟಾರ್ಟ್’ ಪ್ರಾಸವಾಗುವುದು ಹೂಸಿಗೆ. ಪ್ರಾಸ ಕತ್ತರಿಸಿಹೋದಾಗ ಕೊಳಕೂ ಕತ್ತರಿಸಿಹೋಗಿ ಮಾತು ಮಡಿಯಾಗುತ್ತದೆ. ಅಶ್ಲೀಲ ಎಂದು ಪಕ್ಕಕ್ಕಿಟ್ಟರೆ ಈ ನುಡಿ ಬದಲಾಗುವ ಬಗೆಯ ಅರ್ಧ ಕಥೆಯನ್ನೇ ಪಕ್ಕಕ್ಕಿಟ್ಟ ಹಾಗೆ. ಬೀದಿಮಾತಿನ ಬಗ್ಗೆ ಬರೆಯುವವರು ಮೂಗು ಮುಚ್ಚಿಕೊಂಡು ಬರೆಯಬಾರದು. ಹಾಗಂತ ಎಲ್ಲವನ್ನೂ ಬಿಡಿಸಿ ಹೇಳಬೇಕಾಗೂ ಇಲ್ಲ, ಮೇಲೆ ನಾನು ಮಾಡಿದಷ್ಟು ಸಾಕು.

ಈಗ ನಿಮ್ಮ ಐದನೇ ಪುಟ. ಬೋದ ರೋಮನ್ ರೋಡ್ ಸಂತೆಯಲ್ಲಿ ನೀವು ಸ್ಕಾರ್ಫ್ ಅಂಗಡಿ ಮುಂದೆ ನಿಂತಿದ್ದೀರಿ. ಅಂಗಡಿಯಾತ ‘ಹ್ಯಾವ್ ಅ ಬುಚರ್ಸ್, ಡಾರ್ಲಿಂಗ್’ ಎಂದ. ನೀವು ಗಾಬರಿಯಾಗಿ, ‘ಇಲ್ಲ, ನಾನು ವೆಜಿಟೇರಿಯನ್’ ಎಂದಿರಿ. ಪಕ್ಕದಂಗಡಿ ಹೆಂಗಸು ನಕ್ಕು ನಕ್ಕು ಕೆಳಗೆ ಕೂತಳು. ಈ ನಾಲ್ಕು ಸಾಲು ಓದಿ ನಾನೂ ಜೋರಾಗಿ ನಕ್ಕೆ. ಮರುಸಾಲಿನಲ್ಲಿ ‘ಹೀಗೆ ಭಾಷಾ ವೈವಿಧ್ಯವು ನನ್ನನ್ನು ಬೆರಗುಗೊಳಿಸಿತು’ ಎಂದು ಬರೆದು ಎದ್ದು ಹೋಗಿಬಿಟ್ಟಿರಿ. ಯಾಕೆ? ಅಲ್ಲೇ ನಿಲ್ಲಬೇಕಿತ್ತು. ಆತನ ವಯಸ್ಸೆಷ್ಟು? ಎಲ್ಲರಿಗೂ ಹಾಗೇ ಅನ್ನುತ್ತಾನೋ, ಹೊರಗಿನವರಿಗೆ ಬೇಕಂತಲೇ ಅನ್ನುತ್ತಾನೋ? ನಕ್ಕ ಹೆಂಗಸಿಗೆ ಅದು ಮನೆಮಾತೋ, ಅಂಗಡಿಯ ಮಾತೋ? ಎರಡನೇ ಮಹಾಯುದ್ಧದ ನಂತರ ಪೂರ್ವ ಲಂಡನ್ನಿನ ಎಷ್ಟೋ ಸಂಸಾರಗಳು ಬಾಸಿಲ್ಡನ್, ಹಾರ್ಲೊ ಮುಂತಾದ ಹೊಸ ಪಟ್ಟಣಗಳಿಗೆ ಎದ್ದು ಹೋದವು. ಆತನೂ ಬೆಳಿಗ್ಗೆ ಎಸೆಕ್ಸಿನಿಂದ ವ್ಯಾನು ಹೊಡೆದುಕೊಂಡು ಬಂದವನಿರಬಹುದು. ಸೇಂಟ್ ಮೇರಿ ಲ ಬೋ ಚರ್ಚಿನ ಗಂಟೆ ಕೇಳಿಸುವಷ್ಟು ದೂರದಲ್ಲಿ ಹುಟ್ಟಿದವನೇ ಅಸಲಿ ಕಾಕ್ನಿ ಎಂದು ನೀವು ಭಕ್ತಿಯಿಂದ ಬರೆದಿದ್ದೀರಲ್ಲ, ಆ ಗಂಟೆಗಳು 1941ರ ಬಾಂಬಿಗೆ ಬಿದ್ದು 1961ರವರೆಗೆ ಬಾರಿಸಲೇ ಇಲ್ಲ. ಆ ಇಪ್ಪತ್ತು ವರ್ಷ ಹುಟ್ಟಿದವರನ್ನು ಏನೆನ್ನುತ್ತೀರಿ?

ನಿಮ್ಮ ಕೊನೆಯ ಭಾಗದಲ್ಲಿ ಈ ನುಡಿ 1950ರ ಆಸುಪಾಸಿನಲ್ಲಿ ಫೋಟೋಗೆ ನಿಂತಂತೆ ನಿಂತುಬಿಡುತ್ತದೆ. ‘ರೂಬಿ’ ಅಂದರೆ ಕರಿ (ನಮ್ಮ ಸಾರು-ಪಲ್ಯಕ್ಕೆಲ್ಲ ಅವರಿಟ್ಟ ಹೆಸರು) ಎಂದಿದ್ದೀರಿ, ಯಾಕೆಂದು ಹೇಳಿಲ್ಲ. ‘ಕರಿ’ಗೆ ಪ್ರಾಸ ‘ರೂಬಿ ಮರ್ರಿ’, ಆಕೆ ಬೆಲ್‌ಫಾಸ್ಟಿನ ಗಾಯಕಿ. 1955ರಲ್ಲಿ ಒಂದೇ ವಾರ ಆಕೆಯ ಐದು ಹಾಡುಗಳು ಟಾಪ್ ಇಪ್ಪತ್ತರಲ್ಲಿದ್ದವು. ಇವತ್ತು ‘ಫ್ಯಾನ್ಸಿ ಅ ರೂಬಿ?’ ಎಂದು ಕೇಳುವ ಹುಡುಗ ಆಕೆಯ ಒಂದು ಹಾಡನ್ನೂ ಕೇಳಿರಲಿಕ್ಕಿಲ್ಲ. ಹಾಡು ಮರೆಯಾಯಿತು, ಊಟದಲ್ಲಿ ಹೆಸರು ಉಳಿಯಿತು. ನಮ್ಮಲ್ಲೂ ನೋಡಿ: ಮೋಸಗಾರನಿಗೆ ‘ಫೋರ್ ಟ್ವೆಂಟಿ’ ಅನ್ನುತ್ತೇವೆ. ಭಾರತೀಯ ದಂಡ ಸಂಹಿತೆಯ 420ನೇ ಕಲಂನಿಂದ ಬಂದ ಮಾತು. 2024ರ ಜುಲೈ 1ರಿಂದ ಆ ಸಂಹಿತೆಯೇ ಇಲ್ಲ; ವಂಚನೆ ಈಗ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ. ಯಾರಾದರೂ ಯಾರಿಗಾದರೂ ‘ಶುದ್ಧ ತ್ರೀ ಎಯ್ಟೀನ್ ನನ್ಮಗ’ ಎಂದು ಬೈದದ್ದು ಕೇಳಿದ್ದೀರಾ?

2009ರಲ್ಲಿ ಪೂರ್ವ ಲಂಡನ್ನಿನ ಕೆಲವು ಎಟಿಎಂಗಳಲ್ಲಿ ಕಾಕ್ನಿಯನ್ನೂ ಒಂದು ಭಾಷೆಯಾಗಿ ಆರಿಸಿಕೊಳ್ಳಬಹುದಿತ್ತು. ಕ್ಯಾಶ್ ಬದಲು ‘ಸಾಸೇಜ್ ಅಂಡ್ ಮ್ಯಾಶ್’, ಪಿನ್ ಬದಲು ‘ಹಕಲ್‌ಬೆರಿ ಫಿನ್’. ಬೀದಿಯಲ್ಲಿ ಅರ್ಧ ನುಂಗಿ ಆಡುತ್ತಿದ್ದ ಮಾತನ್ನು ಯಂತ್ರ ಪೂರ್ತಿ ಬಿಡಿಸಿ ಹೇಳತೊಡಗಿದರೆ ಅದು ಪ್ರದರ್ಶನದ ವಸ್ತು. ಅದೇ ಬೀದಿಗಳ ಇವತ್ತಿನ ಹುಡುಗರು ‘ಮ್ಯಾನ್‌ಡೆಮ್’ (ಗೆಳೆಯರ ಗುಂಪು), ‘ಪೆಂಗ್’ (ಸೊಗಸಾದ), ‘ಬೇರ್’ (ಬಹಳ) ಎಂದು ಕೆರಿಬಿಯನ್ ಮೂಲದ ಮಾತು ಆಡುತ್ತಾರೆ, ಬಾಂಗ್ಲಾ ಮೂಲದ ಹುಡುಗರೂ ಸೇರಿ. ನೀವು ಅಲ್ಲೇ ಇದ್ದವರು, ಬಸ್ಸಿನಲ್ಲಿ ಇದೇ ಕಿವಿಗೆ ಬಿದ್ದಿರುತ್ತದೆ. ಒಂದು ಸಾಲೂ ಬರೆದಿಲ್ಲವಲ್ಲ.

ಕೊನೆಯಲ್ಲಿ ನೀವೇ ಕಟ್ಟಿದ ಕನ್ನಡ ಪ್ರಾಸಗಳಿವೆ. ‘ಬೆಣ್ಣೆದೋಸೆ’ ಅಂದರೆ ಮೀಸೆ, ಆದ್ದರಿಂದ ‘ನನ್ನ ಬೆಣ್ಣೆ ಟ್ರಿಮ್ ಮಾಡಿಸಬೇಕು’. ತಮಾಷೆಯಾಗಿದೆ, ಆದರೆ ತೆಗೆಯಿರಿ. ಒಬ್ಬರೇ ಮೇಜಿನ ಮುಂದೆ ಕೂತು ಕಟ್ಟಿದ್ದು ಒಗಟಾಗುತ್ತದೆ, ಆಡುಮಾತಾಗಲು ಅದನ್ನು ಇನ್ನೊಬ್ಬ ಕದ್ದು ಮೂರನೆಯವನ ಹತ್ತಿರ ಆಡಬೇಕು.

ತಿದ್ದಿ ಬರೆಯುವುದಾದರೆ ‘ಬುಚರ್ಸ್’ ಒಂದನ್ನೇ ಹಿಡಿದು ಹೊರಡಿ. ಬೇಕಿದ್ದರೆ ರೂಬಿ, ಗಾಂಧಿ ಜೊತೆಗಿರಲಿ. ಇಂಗ್ಲಿಷ್ ಮಾತುಗಳನ್ನು ಸ್ಪೆಲ್ಲಿಂಗ್ ನೋಡಿ ಕನ್ನಡಕ್ಕಿಳಿಸಬೇಡಿ, ಕಿವಿಯಲ್ಲಿ ಕೇಳಿದ ಹಾಗೆ ಬರೆಯಿರಿ. ಅವರ ಬಾಯಲ್ಲಿ ಆರ್ ತೇಲಿಹೋಗುತ್ತದೆ, ಇಲ್ಲದಿದ್ದರೆ ‘ಖೈಬರ್ ಪಾಸ್’ ಎಂಬುದು ಅವರ ‘ಆರ್ಸ್’ಗೆ, ಅಂದರೆ ಅಂಡಿಗೆ, ಪ್ರಾಸವಾಗುವುದೇ ಇಲ್ಲ. ಸಾವಿರದೈನೂರು ಪದ ಮೀರದಿರಲಿ. ಕಡತ ಯೂನಿಕೋಡ್‌ನಲ್ಲಿರಲಿ, ಪಿಡಿಎಫ್ ಬೇಡ. ಈ ಸಲ ನೀವು ಕಳಿಸಿದ್ದರಲ್ಲಿ ಅರ್ಕಾವತ್ತುಗಳೆಲ್ಲ ಚೆಲ್ಲಾಪಿಲ್ಲಿಯಾಗಿ ‘ಬರ್ಕ್’ ಯಾವುದು, ‘ಬಾರ್ಕ್’ ಯಾವುದು ಎಂದು ಹುಡುಕುವಂತಾಯಿತು. ಮುಂದಿನ ತಿಂಗಳ ಹದಿನೈದರೊಳಗೆ ಬಂದರೆ ಅದರ ಮುಂದಿನ ಸಂಚಿಕೆಗೆ ನೋಡುತ್ತೇನೆ. ಅಂದಹಾಗೆ, ಆ ಸ್ಕಾರ್ಫ್ ಕೊಂಡಿರೋ ಇಲ್ಲವೋ, ಅದನ್ನೂ ಬರೆಯಿರಿ.

ಇತಿ,
ಸಂಪಾದಕ