ಹಡಗಿನ ಬ್ಯಾಲಾಸ್ಟ್ ಟ್ಯಾಂಕಿನ ಒಳಗೆ ಕ್ರಿಮಿ ಕೊಲ್ಲುವ ಕ್ಯಾಟಲಿಸ್ಟ್ ಬಳಿದರೆ ಸಾಕಲ್ವಾ? ಬೇರೆ ಯಂತ್ರ ಯಾಕೆ?

ಸಾಕಾಗುವುದಿಲ್ಲ. ಬ್ಯಾಲಾಸ್ಟ್ ಅಂದರೆ ಸರಕಿಲ್ಲದಾಗ ಹಡಗು ಸ್ಥಿರವಾಗಿರಲು ಟ್ಯಾಂಕಿಗೆ ತುಂಬಿಕೊಳ್ಳುವ ನೀರು. ನಾನು ಸರಕು ಹಡಗುಗಳಲ್ಲಿ ಇಂಜಿನಿಯರ್. ಆ ನೀರಿನಲ್ಲಿರುವ ಜೀವಿಗಳನ್ನು ಕೊಲ್ಲುವ ಯಂತ್ರದ ಫಿಲ್ಟರ್ ತೊಳೆದು ತೊಳೆದು ಬೇಸತ್ತವನು, ಹಾಗಾಗಿ ನೀವು ಹೇಳಿದ್ದು ನಿಜವಾಗಿದ್ದರೆ ಎಲ್ಲರಿಗಿಂತ ಜಾಸ್ತಿ ಖುಷಿ ನನಗೇ ಆಗುತ್ತಿತ್ತು.

ಟೈಟಾನಿಯಂ ಡೈಆಕ್ಸೈಡ್ ಇಂಥ ಒಂದು ಕ್ಯಾಟಲಿಸ್ಟ್, ಅಂದರೆ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆ ನಡೆಸುವ ವಸ್ತು. ಅದು ಕ್ರಿಮಿ ಕೊಲ್ಲುತ್ತದೆ, ನಿಜ. ಆದರೆ ಅದಕ್ಕೆ ಅಲ್ಟ್ರಾವಯಲೆಟ್ (ಯುವಿ) ಬೆಳಕು ಬೀಳಬೇಕು. ಟ್ಯಾಂಕಿನೊಳಗೆ ಕಗ್ಗತ್ತಲು. ಬೆಳಕು ಕೊಟ್ಟಿರಿ ಅಂದುಕೊಳ್ಳೋಣ. ಆಗ ಹುಟ್ಟುವ, ಕ್ರಿಮಿ ಕೊಲ್ಲುವ ಹೈಡ್ರಾಕ್ಸಿಲ್ ರಾಡಿಕಲ್ ಎಂಬ ಚುರುಕು ಕಣ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಗೋಡೆಗೆ ಅಂಟಿಕೊಂಡಂತಿರುವ ಜೀವಿ ಸಾಯುತ್ತದೆ, ಒಂದು ಮೀಟರ್ ಆಚೆ ಈಜುತ್ತಿರುವುದಕ್ಕೆ ಏನೂ ಆಗುವುದಿಲ್ಲ. ಇನ್ನು ಟ್ಯಾಂಕಿನ ತಳದಲ್ಲಿ ಕೆಸರು ಕೂರುತ್ತದೆ. ಅಲ್ಲಿಗೆ ಲೇಪನದ ಕಥೆ ಮುಗಿಯಿತು.

ಅದಕ್ಕೇ ಚಿಕಿತ್ಸೆ ನಡೆಯುವುದು ಪೈಪಿನಲ್ಲಿ. ನೀರು ಮೊದಲು 40–50 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಫಿಲ್ಟರ್ ದಾಟುತ್ತದೆ, ಆಮೇಲೆ ಯುವಿ ದೀಪ ಅಥವಾ ಎಲೆಕ್ಟ್ರೋಕ್ಲೋರಿನೇಷನ್, ಅಂದರೆ ಕರೆಂಟಿನಿಂದ ಕ್ಲೋರಿನ್ ಹುಟ್ಟಿಸುವುದು. ಗಂಟೆಗೆ 1000 ಘನ ಮೀಟರ್ ಪಂಪ್ ಅಂದರೆ ಸೆಕೆಂಡಿಗೆ ಸುಮಾರು 278 ಲೀಟರ್. ಕೊಲ್ಲಲು ಸಿಗುವ ಸಮಯ ಎಷ್ಟು ಕಡಿಮೆ ನೋಡಿ. ಸ್ವೀಡನ್‌ನ ಆಲ್ಫಾ ಲಾವಲ್ ಮತ್ತು ವಾಲೆನಿಯಸ್ 2006ರಲ್ಲಿ ತಂದ ಪ್ಯೂರ್‌ಬ್ಯಾಲಾಸ್ಟ್‌ ಎಂಬ ಯಂತ್ರದಲ್ಲಿ ಯುವಿ ದೀಪದ ಜೊತೆ ಇದೇ ಟೈಟಾನಿಯಂ ಡೈಆಕ್ಸೈಡ್ ಇತ್ತು. ನಿಮ್ಮ ಯೋಚನೆ ತಪ್ಪಲ್ಲ, ಜಾಗ ತಪ್ಪು.

ಎಲೆಕ್ಟ್ರೋಕ್ಲೋರಿನೇಷನ್‌ನಲ್ಲೂ ಕ್ಯಾಟಲಿಸ್ಟ್ ಇದೆ. ಟೈಟಾನಿಯಂ ತಗಡಿನ ಮೇಲೆ ರುಥೇನಿಯಂ, ಇರಿಡಿಯಂ ಆಕ್ಸೈಡ್ ಲೇಪನ. ಕರೆಂಟ್ ಹರಿದಾಗ ಸಮುದ್ರದ ಉಪ್ಪಿನಿಂದಲೇ ಕ್ಲೋರಿನ್ ಹುಟ್ಟುತ್ತದೆ. ಇದು ನೀರಿನ ಜೊತೆ ಟ್ಯಾಂಕಿಗೂ ಹೋಗಿ ಕೆಲಸ ಮುಂದುವರಿಸುತ್ತದೆ, ಲೇಪನದಿಂದ ಆಗದೆ ಇರುವುದು ಇದೇ. ಹೊರಗೆ ಬಿಡುವ ಮೊದಲು ಉಳಿದ ಕ್ಲೋರಿನ್ ಕೊಲ್ಲಲು ಥಯೋಸಲ್ಫೇಟ್‌ನಂಥದ್ದು ಹಾಕಬೇಕು. ನದಿಯೊಳಗಿನ ಬಂದರಿನಲ್ಲಿ ಉಪ್ಪೇ ಇರುವುದಿಲ್ಲ, ಆಗ ಬೇರೆ ಟ್ಯಾಂಕಿನಲ್ಲಿ ಉಪ್ಪುನೀರು ಕಾಪಾಡಿಕೊಂಡು ಬಂದಿರಬೇಕು.

ಇಷ್ಟೆಲ್ಲ ರಗಳೆ ಯಾಕೆ ಅಂದರೆ, ಖಾಲಿ ಹಡಗು ನಿಜವಾಗಿ ಖಾಲಿ ಇರುವುದಿಲ್ಲ. ಕುದುರೆಮುಖದ ಅದಿರು ತುಂಬಿಕೊಳ್ಳಲು ನವಮಂಗಳೂರು ಬಂದರಿಗೆ ಬರುತ್ತಿದ್ದ ಹಡಗುಗಳ ಹೊಟ್ಟೆಯಲ್ಲಿ ಬೇರೆ ಯಾವುದೋ ಸಮುದ್ರದ ನೀರು ಇರುತ್ತಿತ್ತು. ಅಮೆರಿಕದ ಮಹಾಸರೋವರಗಳಿಗೆ ಝೀಬ್ರಾ ಮಸ್ಸೆಲ್ ಎಂಬ ಚಿಪ್ಪು ಹೀಗೇ ಬಂತು. 1988ರಲ್ಲಿ ಕಣ್ಣಿಗೆ ಬಿದ್ದ ಮೇಲೆ ನೀರಿನ ಪೈಪುಗಳನ್ನೇ ಮುಚ್ಚಿಹಾಕಿತು. ಈಗಿನ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಹೊರಬಿಡುವ ಒಂದು ಘನ ಮೀಟರ್ ನೀರಿನಲ್ಲಿ 50 ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಜೀವಂತ ಜೀವಿಗಳು ಹತ್ತಕ್ಕಿಂತ ಕಡಿಮೆ ಇರಬೇಕು. ಕಾಲರಾ, ಇ-ಕೋಲೈಗೂ ಬೇರೆ ಮಿತಿ ಇದೆ.

ನಮ್ಮ ನಿಜವಾದ ಶತ್ರು ಕ್ರಿಮಿಯಲ್ಲ, ಕೆಸರು. ಒಮ್ಮೆ ನದೀಮುಖದ ಬಂದರಿನಲ್ಲಿ ಫಿಲ್ಟರ್ ತನ್ನನ್ನು ತಾನೇ ತೊಳೆದುಕೊಳ್ಳುವುದರಲ್ಲೇ ಇತ್ತು, ನೀರು ಒಳಗೆ ಬರಲೇ ಇಲ್ಲ. ಮೇಲೆ ಕ್ರೇನುಗಳು ಸರಕು ಇಳಿಸುತ್ತಿವೆ, ಚೀಫ್ ಆಫೀಸರ್ ಫೋನಿನಲ್ಲಿ ಕೂಗಾಡುತ್ತಿದ್ದಾರೆ, ನಾನು ಫಿಲ್ಟರ್ ಬಿಚ್ಚಿಕೊಂಡು ಕೂತಿದ್ದೇನೆ. ಯುವಿ ದೀಪವಾದರೂ ಅಷ್ಟೇ, ಕೆಸರಿನಲ್ಲಿ ಬೆಳಕು ದಾಟುವುದಿಲ್ಲ.

ನೀವು ಕಾಲೇಜು ಪ್ರಾಜೆಕ್ಟ್‌ಗೆ ಕೇಳುತ್ತಿದ್ದರೆ ಒಂದು ಮಾತು. ನಲ್ಲಿ ನೀರಿಗೆ ಸುಮ್ನೆ ಉಪ್ಪು ಕದಡಿ ಪರೀಕ್ಷೆ ಮಾಡಬೇಡಿ. ಮಳೆಗಾಲದಲ್ಲಿ ನೇತ್ರಾವತಿ ಅಳಿವೆಯಿಂದ ಒಂದು ಬಕೆಟ್ ಕೆಂಪು ನೀರು ತಂದು ನೋಡಿ.